ಶತ್ರುದೇಶದ ಮಕ್ಕಳಿಗಾಗಿ ಎತ್ತಿದ ಚಂದಾ

ದೂರದೇಶದ ಮಕ್ಕಳ ನೆರವಿಗಾಗಿ ಸಾಮಾನ್ಯ ಜನರಿಂದ ಚಂದಾ ಎತ್ತಿ, ಸ್ವಯಂಸೇವಕರ ದುಡಿಮೆಯನ್ನು ನಂಬಿ ನಡೆಯುವ ಸಂಸ್ಥೆಗಳು ಇಂದು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ 1919ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಸೇವ್ ದ ಚಿಲ್ಡ್ರನ್ ಫಂಡ್’ ಹಳೆಯದೆಂಬುದಕ್ಕಿಂತ, ಅದು ಮೊಟ್ಟಮೊದಲು ಕೈಚಾಚಿದ್ದು ಯಾರ ಮಕ್ಕಳಿಗೆ ಎಂಬ ಕಾರಣಕ್ಕೆ ಚರಿತ್ರೆಯಲ್ಲಿ ಪ್ರತ್ಯೇಕವಾಗಿ ನಿಲ್ಲುತ್ತದೆ. ನಾಲ್ಕು ವರ್ಷ ತಮ್ಮ ಗಂಡಂದಿರನ್ನೂ ಮಕ್ಕಳನ್ನೂ ಕೊಂದ ಜರ್ಮನಿ ಮತ್ತು ಆಸ್ಟ್ರಿಯಾಗಳ ಎಳೆಯರಿಗೆ ಹಾಲು, ಹಿಟ್ಟು, ಬಟ್ಟೆ ಕಳಿಸಲು ಹಣ ಕೊಡಿ ಎಂದು ಬ್ರಿಟಿಷರನ್ನೇ ಕೇಳಿದ ಸಂಸ್ಥೆ ಅದು. ಅಂಥ ಬೇಡಿಕೆಯನ್ನು ಜನ ಒಪ್ಪುವಂತೆ ಮಾಡಲು ಅದರ ಸ್ಥಾಪಕರು ಕಂಡುಕೊಂಡ ದಾರಿ, ಮಗುವನ್ನು ರಾಜಕೀಯದಿಂದ ಪೂರ್ತಿಯಾಗಿ ಬಿಡಿಸಿ ತೋರಿಸುವುದು. ಆ ದಾರಿ ಸಂಸ್ಥೆಗೆ ತಂದುಕೊಟ್ಟ ಶಕ್ತಿ ದೊಡ್ಡದು. ಅದಕ್ಕಾಗಿ ತೆತ್ತ ಬೆಲೆಯೂ ಸಣ್ಣದಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ ಬಳಸಿದ ಅಸ್ತ್ರಗಳಲ್ಲಿ ನೌಕಾ ದಿಗ್ಬಂಧನ ಮುಖ್ಯವಾದದ್ದು. ಶತ್ರುದೇಶದ ಬಂದರುಗಳತ್ತ ಹೋಗುವ ಹಡಗುಗಳನ್ನು ಸಮುದ್ರದಲ್ಲೇ ತಡೆದು, ಆಯುಧ ಮತ್ತು ಕಚ್ಚಾ ಸಾಮಗ್ರಿಯ ಜೊತೆಗೆ ಆಹಾರವನ್ನೂ ಒಳಗೆ ಬಿಡದಿರುವುದು ಅದರ ಕ್ರಮ. 1918ರ ನವೆಂಬರ್ 11ರಂದು ಕದನವಿರಾಮವಾಗಿ ಬಂದೂಕುಗಳು ಸುಮ್ಮನಾದರೂ ದಿಗ್ಬಂಧನ ನಿಲ್ಲಲಿಲ್ಲ. ಶಾಂತಿ ಒಪ್ಪಂದಕ್ಕೆ ಜರ್ಮನಿ ಸಹಿ ಹಾಕುವವರೆಗೂ ಹಿಡಿತ ಸಡಿಲಿಸಬಾರದೆಂಬ ಲೆಕ್ಕಾಚಾರದಿಂದ ಅದು 1919ರ ಜುಲೈವರೆಗೂ ಮುಂದುವರಿಯಿತು. ವಿಯೆನ್ನಾದ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ದೊಡ್ಡ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಆ ನಗರಕ್ಕೆ ಹಂಗೇರಿಯಿಂದ ಬರುತ್ತಿದ್ದ ಧಾನ್ಯ, ಬೊಹೀಮಿಯಾದಿಂದ ಬರುತ್ತಿದ್ದ ಕಲ್ಲಿದ್ದಲು ಎರಡೂ, ಸಾಮ್ರಾಜ್ಯ ಒಡೆದು ಹೊಸ ಗಡಿಗಳು ಎದ್ದ ಕೂಡಲೇ ನಿಂತುಹೋದವು. ಹಾಲು ಸಿಗದೆ, ಕೊಬ್ಬಿನ ಅಂಶವಿಲ್ಲದ ಊಟದಲ್ಲಿ ಬೆಳೆದ ಮಕ್ಕಳಿಗೆ ಕ್ಷಯ ಅಂಟಿಕೊಂಡಿತು. ಮೂಳೆಗಳು ಗಟ್ಟಿಯಾಗದೆ ಕಾಲುಗಳು ಬಿಲ್ಲಿನಂತೆ ಬಾಗುವ ರಿಕೆಟ್ಸ್ ಎಂಬ ರೋಗ ಮನೆಮನೆಯಲ್ಲೂ ಕಾಣಿಸಿಕೊಂಡಿತು. ಈ ರೋಗವನ್ನು ಮೀನೆಣ್ಣೆಯಿಂದಲೂ ಬಿಸಿಲಿನಿಂದಲೂ ತಡೆಯಬಹುದೆಂಬುದನ್ನು ಬ್ರಿಟಿಷ್ ವಿಜ್ಞಾನಿ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಂಗಡಿಗರು ಖಚಿತವಾಗಿ ತೋರಿಸಿಕೊಟ್ಟದ್ದು ಯುದ್ಧಾನಂತರದ ಇದೇ ವಿಯೆನ್ನಾದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಎಂಬುದು ಚರಿತ್ರೆಯ ವಿಚಿತ್ರಗಳಲ್ಲೊಂದು.

ಇಂಥ ಸುದ್ದಿ ಬ್ರಿಟನ್ನಿನ ಓದುಗರಿಗೆ ಸುಲಭವಾಗಿ ತಲುಪುತ್ತಿರಲಿಲ್ಲ. ತಲುಪಿಸುವ ಕೆಲಸವನ್ನು ಯುದ್ಧ ನಡೆಯುತ್ತಿರುವಾಗಲೇ ಕೈಗೆತ್ತಿಕೊಂಡವರು ಡೊರೊತಿ ಬಕ್ಸ್‌ಟನ್. ಸಂಸತ್ ಸದಸ್ಯರಾಗಿದ್ದ ಚಾರ್ಲ್ಸ್ ರೋಡನ್ ಬಕ್ಸ್‌ಟನ್ ಅವರ ಪತ್ನಿಯಾದ ಈಕೆ, ಸರ್ಕಾರದ ವಿಶೇಷ ಅನುಮತಿ ಪಡೆದು ಶತ್ರುದೇಶಗಳ ಮತ್ತು ತಟಸ್ಥ ದೇಶಗಳ ಪತ್ರಿಕೆಗಳನ್ನು ತರಿಸಿ, ಅವುಗಳಿಂದ ಆಯ್ದ ಭಾಗಗಳನ್ನು ಅನುವಾದಿಸಿ 1915ರಿಂದ ‘ಕೇಂಬ್ರಿಡ್ಜ್ ಮ್ಯಾಗಜೀನ್’ ಎಂಬ ವಾರಪತ್ರಿಕೆಯಲ್ಲಿ ಪ್ರಕಟಿಸುತ್ತ ಬಂದರು. ಈ ಅನುವಾದದಲ್ಲಿ ಕೈಜೋಡಿಸಿದವರಲ್ಲಿ ಅವರ ಅಕ್ಕ ಎಗ್ಲಾಂಟೈನ್ ಜೆಬ್ ಒಬ್ಬರು. 1876ರ ಆಗಸ್ಟ್ 25ರಂದು ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ಜಮೀನುದಾರಿ ಮನೆತನದಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಇತಿಹಾಸ ಓದಿದ ಈಕೆ ಸ್ವಲ್ಪ ಕಾಲ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ, ಆರೋಗ್ಯವೂ ಮನಸ್ಸೂ ಒಗ್ಗದೆ ಬಿಟ್ಟವರು. ಮಕ್ಕಳ ಒಡನಾಟ ತನಗೆ ಅಷ್ಟಾಗಿ ಹಿಡಿಸದೆಂಬುದನ್ನು ಅವರು ಖಾಸಗಿ ಪತ್ರಗಳಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಮಕ್ಕಳ ಸೇವೆಗೆ ಮುಂದಾದವರೆಲ್ಲ ಮಾತೃಹೃದಯದವರೇ ಆಗಿರಬೇಕೆಂದು ಬಗೆಯುವವರಿಗೆ ಇದು ಅಚ್ಚರಿ ತಂದೀತು. ಆದರೆ ಜೆಬ್ ಅವರ ಮುಂದಿನ ಕೆಲಸವನ್ನು ನೋಡಿದರೆ, ಅವರಿಗೆ ನೆರವಾದದ್ದು ವಾತ್ಸಲ್ಯಕ್ಕಿಂತ ಹೆಚ್ಚಾಗಿ ಲೆಕ್ಕ, ಯೋಜನೆ ಮತ್ತು ನ್ಯಾಯದ ಪ್ರಜ್ಞೆ ಎಂಬುದು ತಿಳಿಯುತ್ತದೆ.

ಆ ತರಬೇತಿ ಅವರಿಗೆ ಸಿಕ್ಕಿದ್ದು ಕೇಂಬ್ರಿಡ್ಜಿನಲ್ಲಿ. ಅಲ್ಲಿನ ‘ಚಾರಿಟಿ ಆರ್ಗನೈಸೇಶನ್ ಸೊಸೈಟಿ’ ಎಂಬ ಸಂಘ, ಕೈಗೆ ಬಂದಂತೆ ಭಿಕ್ಷೆ ಹಾಕುವುದು ಬಡವರಿಗೂ ಸಮಾಜಕ್ಕೂ ಹಾನಿಯೆಂದೂ, ಪ್ರತಿಯೊಂದು ಕುಟುಂಬದ ಸ್ಥಿತಿಗತಿಯನ್ನು ವಿಚಾರಿಸಿಯೇ ನೆರವು ಕೊಡಬೇಕೆಂದೂ ವಾದಿಸುತ್ತಿತ್ತು. ಅದಕ್ಕಾಗಿ ದುಡಿಯುತ್ತ ಜೆಬ್ ಕೇಂಬ್ರಿಡ್ಜ್ ನಗರದ ಬಡತನ, ವಸತಿ, ದುಡಿಮೆಗಳ ಸಮೀಕ್ಷೆ ನಡೆಸಿ 1906ರಲ್ಲಿ ಪುಸ್ತಕವಾಗಿ ಹೊರತಂದರು. 1913ರಲ್ಲಿ ಬಾಲ್ಕನ್ ಯುದ್ಧಗಳಿಂದ ನಿರಾಶ್ರಿತರಾದವರ ನೆರವಿಗೆಂದು ಮ್ಯಾಸಿಡೋನಿಯಾಕ್ಕೆ ಹೋಗಿಬಂದದ್ದು, ಪರದೇಶದ ಹಸಿವನ್ನು ಅವರು ಹತ್ತಿರದಿಂದ ಕಂಡ ಮೊದಲ ಸಂದರ್ಭ.

1919ರ ಜನವರಿಯಲ್ಲಿ ಡೊರೊತಿ ಮತ್ತು ಅವರ ಮಿತ್ರರು ‘ಫೈಟ್ ದ ಫ್ಯಾಮಿನ್ ಕೌನ್ಸಿಲ್’ ಎಂಬ ಮಂಡಳಿ ಕಟ್ಟಿದರು. ದಿಗ್ಬಂಧನವನ್ನು ತೆಗೆಯುವಂತೆ ಸರ್ಕಾರದ ಮೇಲೆ ಒತ್ತಡ ತರುವುದು ಇದರ ಉದ್ದೇಶವಾದ್ದರಿಂದ ಅದು ಸ್ವಭಾವತಃ ರಾಜಕೀಯ ಸಂಘಟನೆ. ಏಪ್ರಿಲ್ ತಿಂಗಳಲ್ಲಿ ಜೆಬ್ ಲಂಡನ್ನಿನ ಟ್ರಾಫಲ್ಗರ್ ಚೌಕದಲ್ಲಿ ಕರಪತ್ರ ಹಂಚಿದರು. ಅದರ ಮೇಲಿದ್ದದ್ದು ಆಸ್ಟ್ರಿಯಾದ ಒಂದು ಮಗುವಿನ ಚಿತ್ರ: ಮೈಯೆಲ್ಲ ಬತ್ತಿ ಎಲುಬು ಎದ್ದಿತ್ತು, ತಲೆ ಮಾತ್ರ ದೇಹಕ್ಕೆ ಮೀರಿ ದೊಡ್ಡದಾಗಿ ಕಾಣುತ್ತಿತ್ತು, ಈ ಸ್ಥಿತಿಗೆ ಬ್ರಿಟನ್ನಿನ ದಿಗ್ಬಂಧನವೇ ಕಾರಣವೆಂದು ಕರಪತ್ರ ನೇರವಾಗಿ ಹೇಳುತ್ತಿತ್ತು. ಯುದ್ಧಕಾಲದ ‘ರಾಜ್ಯರಕ್ಷಣಾ ಕಾಯ್ದೆ’ ಇನ್ನೂ ಜಾರಿಯಲ್ಲಿದ್ದು, ಯುದ್ಧ ಮತ್ತು ಶಾಂತಿಗೆ ಸಂಬಂಧಿಸಿದ ಯಾವ ಕರಪತ್ರವನ್ನೇ ಆಗಲಿ ಹಂಚುವ ಮೊದಲು ಸರ್ಕಾರದ ಪರಿಶೀಲನೆಗೆ ಒಪ್ಪಿಸಬೇಕಿತ್ತು. ಜೆಬ್ ಒಪ್ಪಿಸಿರಲಿಲ್ಲ, ಜೊತೆಗಿದ್ದ ಬಾರ್ಬರಾ ಏರ್ಟನ್ ಗೋಲ್ಡ್ ಅವರೊಂದಿಗೆ ಅವರ ಮೇಲೂ ಮೊಕದ್ದಮೆ ಹೂಡಲಾಯಿತು. ಮೇ ತಿಂಗಳಲ್ಲಿ ಮ್ಯಾನ್ಶನ್ ಹೌಸ್ ನ್ಯಾಯಾಲಯದಲ್ಲಿ ವಿಚಾರಣೆ ನಡೆದಾಗ ಜೆಬ್ ವಕೀಲರ ನೆರವಿಲ್ಲದೆ ತಾವೇ ವಾದಿಸಿದರು. ಕಾನೂನಿನ ಮಾತಿನಲ್ಲಿ ಅವರ ಕಡೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲವಾಗಿ, ವಾದವನ್ನೆಲ್ಲ ನೈತಿಕ ನೆಲೆಯಲ್ಲೇ ಮಂಡಿಸಿದರು. ಹಂಚಿದ ಒಂದೊಂದು ಪ್ರತಿಗೂ ದಂಡ ಬೀಳುವ ಭಯವಿದ್ದಲ್ಲಿ ಬಿದ್ದ ದಂಡ ಒಟ್ಟು ಐದು ಪೌಂಡ್. ಸರ್ಕಾರದ ಪರ ವಾದಿಸಿದ ಆರ್ಚಿಬಾಲ್ಡ್ ಬಾಡ್ಕಿನ್ ಮೊಕದ್ದಮೆ ಗೆದ್ದ ಮೇಲೆ ಐದು ಪೌಂಡ್‌ಗಳನ್ನು ತಮ್ಮ ಜೇಬಿನಿಂದ ತೆಗೆದು ಜೆಬ್ ಕೈಗೆ ಕೊಟ್ಟರೆಂದೂ, ಅವರು ಅದನ್ನು ದಂಡಕ್ಕೆ ಕಟ್ಟದೆ ಮಕ್ಕಳ ನಿಧಿಗೆ ಸೇರಿಸಿದರೆಂದೂ, ಅದೇ ಸಂಸ್ಥೆಯ ಮೊದಲ ಚಂದಾ ಎಂದೂ ಸಂಸ್ಥೆಯ ಚರಿತ್ರೆ ಹೇಳಿಕೊಳ್ಳುತ್ತದೆ.

ಮೊಕದ್ದಮೆಯ ಸುದ್ದಿ ಇನ್ನೂ ಬಿಸಿಯಾಗಿರುವಾಗಲೇ, ಮೇ 19ರಂದು, ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಸೇರಿದ ಸಾರ್ವಜನಿಕ ಸಭೆಯಲ್ಲಿ ಅಕ್ಕತಂಗಿಯರು ‘ಸೇವ್ ದ ಚಿಲ್ಡ್ರನ್ ಫಂಡ್’ ಆರಂಭವನ್ನು ಸಾರಿದರು. ದೇಶದ್ರೋಹಿಗಳ ಮೇಲೆ ಎಸೆಯಲೆಂದು ಕೊಳೆತ ಹಣ್ಣು ಹಿಡಿದು ಬಂದವರೂ ಸಭೆಯಲ್ಲಿದ್ದರಂತೆ. ಗಣಿಕಾರ್ಮಿಕರ ನಾಯಕ ರಾಬರ್ಟ್ ಸ್ಮೈಲಿ ವೇದಿಕೆಯಿಂದ ಬೆಂಬಲ ಘೋಷಿಸಿದ್ದು ಮಹತ್ವದ ಸಂಗತಿ. ಯಾಕೆಂದರೆ ಇದು ಸಿರಿವಂತ ಮಹಿಳೆಯರ ಕಾಲಹರಣವೆಂದು ತಳ್ಳಿಹಾಕುವಂತಿರಲಿಲ್ಲ. ಯುದ್ಧದಲ್ಲಿ ಅತಿ ಹೆಚ್ಚು ಸಾವುನೋವು ಕಂಡ ವರ್ಗವೇ ಶತ್ರುವಿನ ಮಕ್ಕಳ ಪರ ನಿಂತಿತ್ತು. ಏಳು ವರ್ಷಕ್ಕಿಂತ ಕಿರಿಯರಾದ ಶತ್ರುಗಳು ತನಗಿಲ್ಲ ಎಂಬರ್ಥದ ಮಾತಿನಿಂದ ನಾಟಕಕಾರ ಬರ್ನಾರ್ಡ್ ಶಾ ಸಂಸ್ಥೆಗೆ ದೊಡ್ಡ ಉಪಕಾರವನ್ನೇ ಮಾಡಿದರು.

ಇಲ್ಲಿಂದ ಅಕ್ಕತಂಗಿಯರ ದಾರಿ ಮೆಲ್ಲನೆ ಕವಲೊಡೆಯಿತು. ಹಸಿವಿಗೆ ಕಾರಣವಾದ ನೀತಿಯನ್ನೇ ಬದಲಿಸಬೇಕೆಂಬ ಹಟದ ಡೊರೊತಿ ರಾಜಕೀಯಕ್ಕೆ ಮರಳಿದರು. ನಿಧಿಯ ಹೊಣೆ ಎಗ್ಲಾಂಟೈನ್ ಮೇಲೆ ಬಿತ್ತು. ಕೆಲವೇ ತಿಂಗಳ ಮೊದಲು ಚೌಕದಲ್ಲಿ ಸರ್ಕಾರವನ್ನು ದೂರುವ ಕರಪತ್ರ ಹಂಚಿದವರು ಈಗ ಮತ, ಪಕ್ಷ, ದೇಶ ಯಾವುದನ್ನೂ ಎಣಿಸದೆ ಮಗುವನ್ನಷ್ಟೇ ನೋಡಿ ಎಂದು ಕೇಳತೊಡಗಿದರು. ಈ ಬದಲಾವಣೆಯಿಂದ ಬಾಗಿಲುಗಳು ತೆರೆದವು. ಪೋಪ್ ಹದಿನೈದನೆಯ ಬೆನೆಡಿಕ್ಟ್ 1919ರ ನವೆಂಬರಿನಲ್ಲಿ ಹೊರಡಿಸಿದ ಧಾರ್ಮಿಕ ಪತ್ರದಲ್ಲಿ, ಡಿಸೆಂಬರ್ 28ರಂದು ಎಲ್ಲ ಕ್ಯಾಥೊಲಿಕ್ ಚರ್ಚುಗಳಲ್ಲಿ ಮಧ್ಯ ಯುರೋಪಿನ ಹಸಿದ ಮಕ್ಕಳಿಗಾಗಿ ಕಾಣಿಕೆ ಎತ್ತಬೇಕೆಂದು ಕೇಳಿಕೊಂಡರು. ಮರುವರ್ಷದ ಪತ್ರದಲ್ಲಿ ಸಂಸ್ಥೆಯನ್ನು ಹೆಸರಿಸಿಯೇ ಮೆಚ್ಚಿಕೊಂಡರು. ಪ್ರಾಟೆಸ್ಟೆಂಟರು ಕಟ್ಟಿದ ಸಂಸ್ಥೆಯೊಂದಕ್ಕೆ ಪೋಪ್ ಇಷ್ಟು ಬಹಿರಂಗವಾಗಿ ಬೆನ್ನುತಟ್ಟುವುದು ಆ ಕಾಲಕ್ಕೆ ಅಪರೂಪ. ಅಷ್ಟರಲ್ಲಿ ಸ್ವೀಡನ್ನಿನಲ್ಲಿ ‘ರೆಡ್ಡ ಬಾರ್ನೆನ್’ ಎಂಬ ಸೋದರ ಸಂಸ್ಥೆ ಹುಟ್ಟಿತ್ತು. 1920ರ ಜನವರಿ 6ರಂದು ಜಿನೀವಾದಲ್ಲಿ, ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಆಶ್ರಯದಲ್ಲಿ, ಇಂಥ ರಾಷ್ಟ್ರೀಯ ಸಮಿತಿಗಳ ಒಕ್ಕೂಟವೂ ಸ್ಥಾಪನೆಯಾಯಿತು.

ಹಣ ಎತ್ತುವುದರಲ್ಲಿ ಜೆಬ್ ತೋರಿದ ಧೈರ್ಯ ಅವರ ಹಿತೈಷಿಗಳಿಗೇ ಮುಜುಗರ ತಂದಿತ್ತು. ದಾನಕ್ಕೆ ಜಾಹೀರಾತು ಸಲ್ಲದು ಎಂಬುದು ಅಂದಿನ ಸಭ್ಯರ ಭಾವನೆ. ಜೆಬ್ ಅವರೋ ಸಾಬೂನು, ಚಹಾ ಮಾರುವ ಕಂಪನಿಗಳಂತೆಯೇ ಪತ್ರಿಕೆಗಳಲ್ಲಿ ಪುಟದಗಲದ ಜಾಹೀರಾತು ಹಾಕಿಸಿದರು. ಇಷ್ಟು ಹಣಕ್ಕೆ ಇಷ್ಟು ದಿನ ಇಷ್ಟು ಮಕ್ಕಳ ಊಟ ಎಂಬ ಬಗೆಯ ನೇರ ಲೆಕ್ಕ ಕೊಟ್ಟರು. ಪರದೇಶದ ಒಂದು ನಿರ್ದಿಷ್ಟ ಮಗುವಿನ ಪೋಷಣೆಗೆಂದು ದಾನಿಯೊಬ್ಬರು ತಪ್ಪದೆ ಹಣ ಕಳಿಸುವ, ಆಗ ‘ದತ್ತು’ ಎಂದೇ ಕರೆಯಲಾದ ಏರ್ಪಾಡನ್ನೂ ತಂದರು. ಇಂದು ಹಲವಾರು ಸಂಸ್ಥೆಗಳು ನಡೆಸುವ ‘ಮಗುವಿನ ಪ್ರಾಯೋಜಕತ್ವ’ ಯೋಜನೆಯ ಬೇರು ಇಲ್ಲಿದೆ. ಇನ್ನೊಂದು ಮಾತು: ಈ ಹಂತದವರೆಗೆ ನಿಧಿ ತಾನೇ ಪರದೇಶದಲ್ಲಿ ಕೆಲಸ ನಡೆಸುತ್ತಿದ್ದದ್ದು ಕಡಿಮೆ. ಎತ್ತಿದ ಹಣವನ್ನು, ಅಲ್ಲಿ ಆಗಲೇ ದುಡಿಯುತ್ತಿದ್ದ ಕ್ವೇಕರ್ ಪಂಥದ ಪರಿಹಾರ ತಂಡಗಳಂಥವರಿಗೆ ಹಂಚುತ್ತಿತ್ತು. ಕಷ್ಟ ಕಳೆದ ಕೂಡಲೇ ಮುಚ್ಚಬೇಕಾದ ತಾತ್ಕಾಲಿಕ ಏರ್ಪಾಡೆಂದೇ ಎಲ್ಲರೂ ಭಾವಿಸಿದ್ದರು.

ಆ ಭಾವನೆಯನ್ನು ಅಳಿಸಿದ್ದು 1921ರ ರಷ್ಯಾದ ಕ್ಷಾಮ. ಮಹಾಯುದ್ಧ, ಅದರ ಬೆನ್ನಿಗೇ ಅಂತರ್ಯುದ್ಧ, ರೈತರಿಂದ ಬಲವಂತವಾಗಿ ಧಾನ್ಯ ವಸೂಲಿ, ಕೊನೆಗೆ ಅನಾವೃಷ್ಟಿ ಇವೆಲ್ಲ ಸೇರಿ ವೋಲ್ಗಾ ನದಿಯ ಬಯಲಿನಲ್ಲಿ ಬಿತ್ತನೆಯ ಬೀಜವೂ ಉಳಿಯದಂತಾಯಿತು. ಸುಮಾರು 50 ಲಕ್ಷ ಜನ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಧ್ರುವಪ್ರದೇಶದ ಅನ್ವೇಷಕನೆಂದು ಹೆಸರಾಗಿದ್ದ ನಾರ್ವೆಯ ಫ್ರಿಡ್ಯೋಫ್ ನಾನ್ಸೆನ್ ಯುರೋಪಿನ ನೆರವನ್ನು ಹೊಂದಿಸುವ ಹೊಣೆ ಹೊತ್ತರು. ಸೇವ್ ದ ಚಿಲ್ಡ್ರನ್ ಪಾಲಿಗೆ ಬಂದದ್ದು ಸರಾತೋವ್ ಪ್ರಾಂತ್ಯ. 1921ರ ಸೆಪ್ಟೆಂಬರಿನಲ್ಲಿ ‘ಟಾರ್ಸೆಲ್ಲೊ’ ಎಂಬ ಹಡಗು ಸುಮಾರು 600 ಟನ್ ಸಾಮಗ್ರಿ ಹೊತ್ತು ಲಂಡನ್ನಿನಿಂದ ಹೊರಟಿತು. ಹಡಗಿನಿಂದ ರೈಲಿಗೆ, ರೈಲಿನಿಂದ ಜಾರುಬಂಡಿಗೆ ಬದಲಾಗುತ್ತ ಹಿಮ ತುಂಬಿದ ಹಳ್ಳಿಗಳನ್ನು ಮುಟ್ಟಿದ ಆ ಸಾಮಗ್ರಿಯಿಂದ ಗಂಜಿಕೇಂದ್ರಗಳು ನಡೆದವು. ಅಡಿಗೆಯವರು, ಗುಮಾಸ್ತರು, ಉಗ್ರಾಣದವರು ಬಹುಪಾಲು ರಷ್ಯನ್ನರೇ. ಮೇಲ್ವಿಚಾರಣೆಗೆ ಬ್ರಿಟನ್ನಿನಿಂದ ಬಂದವರು ಬೆರಳೆಣಿಕೆಯ ಮಂದಿ. ಬಿಕ್ಕಟ್ಟಿನ ಶಿಖರದಲ್ಲಿ ಸುಮಾರು ಮೂರು ಲಕ್ಷ ಮಕ್ಕಳು ಈ ಕೇಂದ್ರಗಳಲ್ಲಿ ಉಣ್ಣುತ್ತಿದ್ದರು. ಇದೇ ಕ್ಷಾಮದಲ್ಲಿ ಹರ್ಬರ್ಟ್ ಹೂವರ್ ಅವರ ಅಮೆರಿಕನ್ ಪರಿಹಾರ ಸಂಸ್ಥೆ 1922ರ ಬೇಸಗೆಯಲ್ಲಿ ದಿನಕ್ಕೆ ಒಂದು ಕೋಟಿಗೂ ಮಿಕ್ಕ ಜನಕ್ಕೆ ಉಣಿಸಿತೆಂಬುದನ್ನು ನೆನೆದರೆ ಬ್ರಿಟಿಷ್ ಸಂಸ್ಥೆಯ ಪಾಲು ಚಿಕ್ಕದೆನಿಸೀತು. ಆದರೆ ಅಮೆರಿಕದ ನೆರವಿನ ಹಿಂದೆ ಅಲ್ಲಿನ ಸಂಸತ್ತು ಮಂಜೂರು ಮಾಡಿದ ಹಣವಿತ್ತು, ಇಲ್ಲಿದ್ದದ್ದು ಬಹುಮಟ್ಟಿಗೆ ಜನರ ಕೈಯಿಂದ ಬಂದ ಹಣ.

ಆ ಹಣವೂ ಸುಲಭವಾಗಿ ಬರಲಿಲ್ಲ. ಬ್ರಿಟನ್ನಿನಲ್ಲಿ ಆಗ ನಿರುದ್ಯೋಗಿಗಳೇ ಸುಮಾರು 20 ಲಕ್ಷವಿದ್ದರು. ನಮ್ಮ ಮಕ್ಕಳು ಹಸಿದಿರುವಾಗ ಬೋಲ್ಷೆವಿಕರ ಮಕ್ಕಳಿಗೇಕೆ ಅನ್ನ ಎಂದು ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆ ಪ್ರಚಾರವನ್ನೇ ನಡೆಸಿತು, ಕ್ಷಾಮದ ಸುದ್ದಿಯೇ ಉತ್ಪ್ರೇಕ್ಷೆ ಎಂದಿತು. ಉತ್ತರವಾಗಿ ಸಂಸ್ಥೆ ‘ಡೈಲಿ ಮಿರರ್’ ಪತ್ರಿಕೆಯ ಛಾಯಾಗ್ರಾಹಕ ಜಾರ್ಜ್ ಮ್ಯೂಸ್ ಅವರನ್ನು ಸರಾತೋವಿಗೆ ಕಳಿಸಿ ಚಲನಚಿತ್ರ ತೆಗೆಸಿ, ಅದನ್ನು ಊರೂರಿನ ಸಭಾಂಗಣಗಳಲ್ಲಿ ತೋರಿಸಿತು. ಬತ್ತಿದ ಮಕ್ಕಳು, ಹೂಳಲು ಒಟ್ಟಿದ ಹೆಣಗಳು, ಗಂಜಿಯ ಮುಂದೆ ಕುಳಿತ ಸಾಲುಗಳು ಪರದೆಯ ಮೇಲೆ ಕಾಣಿಸಿದ ಮೇಲೆ ಉತ್ಪ್ರೇಕ್ಷೆಯ ವಾದಕ್ಕೆ ಬಲವುಳಿಯಲಿಲ್ಲ. ದೂರದ ಕ್ಷಾಮವನ್ನು ಚಲಿಸುವ ಚಿತ್ರದಲ್ಲಿ ತೋರಿಸಿ ಹಣ ಕೇಳುವ ಪದ್ಧತಿಗೆ ಇದು ಮೊದಮೊದಲ ಉದಾಹರಣೆಗಳಲ್ಲೊಂದು. ಬಲವಂತದ ಧಾನ್ಯ ವಸೂಲಿ ಮಾತ್ರ ಪರದೆಯ ಮೇಲೆ ಮೂಡುವ ಸಂಗತಿಯಲ್ಲ.

ಒಂದೊಂದು ದುರಂತಕ್ಕೂ ಹೊಸದಾಗಿ ಕರುಣೆಯನ್ನು ಎಬ್ಬಿಸುವುದು ಎಷ್ಟು ಕಷ್ಟವೆಂಬುದನ್ನು ಈ ಅನುಭವ ಕಲಿಸಿತ್ತು. ದಾನಿಯ ಮನಸ್ಸಿನ ಮೇಲೆ ಮಗುವಿನ ಬದುಕು ನಿಲ್ಲಬಾರದು, ಮಗುವಿಗೆ ಸಲ್ಲಬೇಕಾದದ್ದು ಅದರ ಹಕ್ಕು ಎಂಬ ತೀರ್ಮಾನಕ್ಕೆ ಜೆಬ್ ಬಂದರು. 1923ರಲ್ಲಿ ಅವರು ಸಿದ್ಧಪಡಿಸಿದ ಘೋಷಣೆ ಒಂದೇ ಹಾಳೆಯಲ್ಲಿ ಮುಗಿಯುತ್ತದೆ, ಅದರಲ್ಲಿರುವುದು ಐದೇ ಅಂಶ. ಮಗುವಿನ ದೇಹ ಮತ್ತು ಮನಸ್ಸು ಸಹಜವಾಗಿ ಬೆಳೆಯಲು ಬೇಕಾದುದನ್ನು ಒದಗಿಸಬೇಕೆಂಬುದು ಮೊದಲನೆಯದು. ಹಸಿದ ಮಗುವಿಗೆ ಊಟ, ರೋಗಿಗೆ ಆರೈಕೆ, ಹಿಂದುಳಿದ ಮಗುವಿಗೆ ನೆರವು, ದಾರಿತಪ್ಪಿದ ಮಗುವಿಗೆ ತಿದ್ದಿಕೊಳ್ಳುವ ಅವಕಾಶ, ಅನಾಥ ಮಗುವಿಗೆ ಆಸರೆ ಸಿಗಬೇಕೆಂಬುದು ಎರಡನೆಯದು. ಸಂಕಟದ ವೇಳೆಯಲ್ಲಿ ಪರಿಹಾರ ಮೊದಲು ಮಗುವಿಗೆ ಮುಟ್ಟಬೇಕು. ಅದು ತನ್ನ ಜೀವನೋಪಾಯ ಗಳಿಸುವಂತಾಗಬೇಕು, ಶೋಷಣೆಗೆ ಸಿಕ್ಕಬಾರದು. ತನ್ನ ಶಕ್ತಿಯನ್ನು ಸಹಮಾನವರ ಸೇವೆಗೆ ಬಳಸಬೇಕೆಂಬ ಅರಿವಿನಲ್ಲಿ ಬೆಳೆಯಬೇಕು. ಲೀಗ್ ಆಫ್ ನೇಷನ್ಸ್, ಅಂದರೆ ಇಂದಿನ ವಿಶ್ವಸಂಸ್ಥೆಗಿಂತ ಮೊದಲಿದ್ದ ರಾಷ್ಟ್ರಗಳ ಸಂಘ, 1924ರ ಸೆಪ್ಟೆಂಬರ್ 26ರಂದು ಇದನ್ನು ಅಂಗೀಕರಿಸಿತು. ‘ಜಿನೀವಾ ಘೋಷಣೆ’ ಎಂದು ಹೆಸರಾದ ಈ ಪತ್ರಕ್ಕೆ ಕಾನೂನಿನ ಬಲವಿರಲಿಲ್ಲ. ಸೂಕ್ಷ್ಮವಾಗಿ ಓದಿದರೆ ಹಕ್ಕಿನ ಹೆಸರಿನಲ್ಲಿ ಅದು ಹೇಳುವುದೆಲ್ಲ ದೊಡ್ಡವರ ಕರ್ತವ್ಯಗಳನ್ನೇ. ಹಾಗಿದ್ದರೂ ಮಗುವಿಗೆ ಮಗುವೆಂಬ ಕಾರಣದಿಂದಲೇ ಕೆಲವು ಸಂಗತಿಗಳು ಸಲ್ಲುತ್ತವೆಂದು ಹಲವು ದೇಶಗಳು ಒಟ್ಟಾಗಿ ಒಪ್ಪಿದ್ದು ಇದೇ ಮೊದಲು.

ಥೈರಾಯ್ಡ್ ರೋಗದಿಂದ ಬಹುಕಾಲ ನರಳಿದ ಜೆಬ್ 1928ರ ಡಿಸೆಂಬರ್ 17ರಂದು ಜಿನೀವಾದಲ್ಲಿ ತೀರಿಕೊಂಡರು. ಬದುಕಿನ ಕೊನೆಯ ವರ್ಷಗಳಲ್ಲಿ ಅವರ ಗಮನ ಯುರೋಪಿನ ಆಚೆಗೂ ಹರಿದಿತ್ತು. 1931ರಲ್ಲಿ ಜಿನೀವಾದಲ್ಲಿ ಒಕ್ಕೂಟ ಏರ್ಪಡಿಸಿದ ಆಫ್ರಿಕಾದ ಮಕ್ಕಳ ಸಮ್ಮೇಳನ ಅದರ ಮುಂದುವರಿಕೆ. ಆದರೆ ಅಲ್ಲಿ ನೆರೆದವರಲ್ಲಿ ಆಫ್ರಿಕನ್ನರೇ ಅತಿ ವಿರಳ; ಮಾತಾಡಿದವರಲ್ಲಿ ಹೆಚ್ಚಿನವರು ಮಿಷನರಿಗಳು, ವಸಾಹತು ಅಧಿಕಾರಿಗಳು, ತಜ್ಞರು. ಮುಂದಿನ ದಶಕದಲ್ಲಿ ಯುರೋಪಿನ ಸಂಕಟವೇ ಮತ್ತೆ ಸಂಸ್ಥೆಯನ್ನು ಎಳೆದುಕೊಂಡಿತು. ನಾಜಿ ಜರ್ಮನಿಯಿಂದ ಮಕ್ಕಳನ್ನು ಬ್ರಿಟನ್ನಿಗೆ ತರಲು 1936ರಲ್ಲಿ ರಚಿತವಾದ ‘ಇಂಟರ್-ಏಡ್’ ಸಮಿತಿಯಲ್ಲಿ ಅದು ಪಾಲುಗೊಂಡಿತು. 1937ರ ಮೇ ತಿಂಗಳಲ್ಲಿ ‘ಹಬಾನಾ’ ಹಡಗಿನಲ್ಲಿ ಸೌತಾಂಪ್ಟನ್ನಿಗೆ ಬಂದಿಳಿದ ಸ್ಪೇನಿನ ಅಂತರ್ಯುದ್ಧದಿಂದ ಪಾರಾದ ಸುಮಾರು 4,000 ಬಾಸ್ಕ್ ಮಕ್ಕಳ ಪಾಲನೆಗೂ ಅದು ಕೈಜೋಡಿಸಿತು.

ಎರಡನೆಯ ಮಹಾಯುದ್ಧದ ನಂತರ ಕಣ ಬದಲಾಯಿತು. 1946ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಹುಟ್ಟಿ, ಮಕ್ಕಳ ನೆರವು ಸರ್ಕಾರಗಳ ಹೊಣೆಯೂ ಆಯಿತು. ಸ್ವಯಂಸೇವಾ ಸಂಸ್ಥೆಗಳು ಕೊರಿಯಾ, ಆಫ್ರಿಕಾ, ಏಷ್ಯಾಗಳತ್ತ ಹೊರಳಿದವು. ಟಿಬೆಟ್‌ನಿಂದ ಓಡಿಬಂದವರ ಮಕ್ಕಳಿಗಾಗಿ ಶಿಮ್ಲಾದಲ್ಲಿ ವಸತಿಗೃಹ ನಡೆಸಿದ್ದು ಭಾರತದಲ್ಲಿ ಈ ಸಂಸ್ಥೆಯ ಹಳೆಯ ಕೆಲಸಗಳಲ್ಲೊಂದು. 2008ರಿಂದ ಅದರ ಭಾರತೀಯ ಅಂಗ ‘ಬಾಲ ರಕ್ಷಾ ಭಾರತ್’ ಎಂಬ ಹೆಸರಿನಲ್ಲಿ ಇಲ್ಲಿನ ಕಾನೂನಿನಂತೆ ನೋಂದಾಯಿತವಾಗಿದೆ. ಬ್ರಿಟನ್ನಿನಲ್ಲಿ ಮಾತ್ರ ಸಂಸ್ಥೆಯ ಬುನಾದಿ ಊರೂರಿನ ಶಾಖೆಗಳೇ ಆಗಿ ಉಳಿದವು: ಹಳೆಯ ಬಟ್ಟೆ, ಪುಸ್ತಕ, ಪಿಂಗಾಣಿ ಪಾತ್ರೆಗಳನ್ನು ದಾನವಾಗಿ ಪಡೆದು ಮಾರುವ ಅಂಗಡಿಗಳಲ್ಲಿ ನಿವೃತ್ತರೂ ಗೃಹಿಣಿಯರೂ ಸಂಬಳವಿಲ್ಲದೆ ಕೂರುತ್ತಾರೆ. ಕ್ಷಾಮದ ನಾಡಿನಲ್ಲಿ ದುಡಿಯುವವರು ಸಂಬಳದ ವೈದ್ಯರು, ದಾದಿಯರು, ಎಂಜಿನಿಯರುಗಳು. ಸ್ವಯಂಸೇವೆಯೂ ವೃತ್ತಿಯೂ ಹೀಗೆ ಎರಡು ಕಡೆ ಬೇರ್ಪಟ್ಟದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ದೊಡ್ಡ ಬದಲಾವಣೆ.

1984ರ ಅಕ್ಟೋಬರಿನಲ್ಲಿ ಇಥಿಯೋಪಿಯಾದ ಕೊರೆಮ್‌ನಿಂದ ಬಿಬಿಸಿ ತೋರಿಸಿದ ವರದಿ ಜಗತ್ತಿನ ಕಣ್ಣು ತೆರೆಸಿತು. ಅಲ್ಲಿ ಮಕ್ಕಳಿಗೆ ಆಹಾರ ಕೊಡುತ್ತಿದ್ದವರಲ್ಲಿ ಸೇವ್ ದ ಚಿಲ್ಡ್ರನ್ ಒಂದು. ಹಣ ಹೊಳೆಯಾಗಿ ಬಂತು. ಪರದೆಯ ಮೇಲೆ ಕಂಡದ್ದು ಬರಗಾಲ ಮತ್ತು ಬತ್ತಿದ ಮಗು. ಅದೇ ವೇಳೆ ಉತ್ತರದ ಬಂಡುಕೋರರ ವಿರುದ್ಧ ಅಲ್ಲಿನ ಸೈನಿಕ ಸರ್ಕಾರ ನಡೆಸುತ್ತಿದ್ದ ಯುದ್ಧ, ಜನರನ್ನು ಬಲವಂತವಾಗಿ ದಕ್ಷಿಣಕ್ಕೆ ಸಾಗಿಸುತ್ತಿದ್ದ ನೀತಿ ಎರಡೂ ಚಿತ್ರದ ಚೌಕಟ್ಟಿನ ಹೊರಗೇ ಉಳಿದವು. ಅಲ್ಲಿ ಉಳಿದು ಕೆಲಸ ಮಾಡಬೇಕೆಂದರೆ ಆ ಸರ್ಕಾರವನ್ನು ಬಹಿರಂಗವಾಗಿ ದೂರುವಂತಿರಲಿಲ್ಲ; ದೂರಿದ ಫ್ರಾನ್ಸಿನ ವೈದ್ಯರ ಸಂಸ್ಥೆಯೊಂದನ್ನು 1985ರಲ್ಲಿ ಹೊರಹಾಕಲಾಯಿತು. ಡೊರೊತಿ ಮತ್ತು ಎಗ್ಲಾಂಟೈನ್ ನಡುವಿನ ಹಳೆಯ ಭಿನ್ನಾಭಿಪ್ರಾಯವೇ ಬೇರೆ ಖಂಡದಲ್ಲಿ ಮರುಕಳಿಸಿತೆಂದರೆ ತಪ್ಪಾಗದು. ಹಸಿದ ಮಗುವನ್ನು ಒಂಟಿಯಾಗಿ, ನಿಸ್ಸಹಾಯಕವಾಗಿ ತೋರಿಸುವ ಚಿತ್ರಗಳ ಮೇಲೆ ಆಫ್ರಿಕಾದಿಂದಲೂ ಟೀಕೆ ಬಂದ ಮೇಲೆ, ಯುರೋಪಿನ ಸ್ವಯಂಸೇವಾ ಸಂಸ್ಥೆಗಳು 1989ರಲ್ಲಿ ಇಂಥ ಚಿತ್ರ ಮತ್ತು ಸಂದೇಶಗಳ ಬಗ್ಗೆ ನಡವಳಿಕೆಯ ಸಂಹಿತೆಯೊಂದನ್ನು ಒಪ್ಪಿಕೊಂಡವು.

ಅದೇ ವರ್ಷ ನವೆಂಬರ್ 20ರಂದು ವಿಶ್ವಸಂಸ್ಥೆ ಅಂಗೀಕರಿಸಿದ ‘ಮಕ್ಕಳ ಹಕ್ಕುಗಳ ಒಡಂಬಡಿಕೆ’ಗೆ ಜೆಬ್ ಅವರ ಐದು ಅಂಶಗಳೇ ಮೂಲ. ಆದರೆ ಇದು 54 ವಿಧಿಗಳಿರುವ, ಸಹಿ ಹಾಕಿ ಸ್ಥಿರೀಕರಿಸಿದ ದೇಶಗಳನ್ನು ಕಾನೂನಿನಿಂದ ಕಟ್ಟಿಹಾಕುವ ಪತ್ರ. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗುವಿನ ಅಭಿಪ್ರಾಯ ಕೇಳಬೇಕೆಂಬ 12ನೆಯ ವಿಧಿ 1923ರ ಕರಡಿನಲ್ಲಿ ಯಾರ ಕಲ್ಪನೆಗೂ ಬಂದಿರಲಿಲ್ಲ. ಭಾರತ 1992ರ ಡಿಸೆಂಬರಿನಲ್ಲಿ ಇದಕ್ಕೆ ಸೇರಿತು. ಅಮೆರಿಕ ಸಂಯುಕ್ತ ಸಂಸ್ಥಾನ ಸಹಿ ಹಾಕಿದರೂ ಇಂದಿಗೂ ಸ್ಥಿರೀಕರಿಸಿಲ್ಲ. ದಾನದ ಹಣ ಹೇಗೆ ಖರ್ಚಾಯಿತೆಂಬುದರ ಜೊತೆಗೆ, ಸಂಸ್ಥೆಯನ್ನು ನಡೆಸುವವರು ತಮ್ಮ ಕಚೇರಿಯೊಳಗೆ ಹೇಗೆ ನಡೆದುಕೊಳ್ಳುತ್ತಾರೆಂಬುದೂ ಈಗ ಸಾರ್ವಜನಿಕ ವಿಚಾರಣೆಯ ವಿಷಯವಾಗಿದೆ. ಹಿರಿಯ ಅಧಿಕಾರಿಗಳ ಮೇಲೆ ಮಹಿಳಾ ಸಿಬ್ಬಂದಿ ಕೊಟ್ಟ ದೂರುಗಳನ್ನು ಬ್ರಿಟನ್ನಿನ ಶಾಖೆ ನಿರ್ವಹಿಸಿದ ರೀತಿಯಲ್ಲಿ ಗಂಭೀರ ಲೋಪಗಳಿದ್ದವೆಂದು ಅಲ್ಲಿನ ದತ್ತಿ ಆಯೋಗ 2020ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಜೆಬ್ ಅವರ ಅವಶೇಷಗಳನ್ನು ಜಿನೀವಾ ನಗರಾಡಳಿತ 2024ರಲ್ಲಿ ಗಣ್ಯರಿಗೆಂದು ಮೀಸಲಾದ ಸ್ಮಶಾನಕ್ಕೆ ಸಾಗಿಸಿತು. ಅಷ್ಟರಲ್ಲಿ ಅವರು ಹುಟ್ಟುಹಾಕಿದ ಸಂಸ್ಥೆ ಗಾಜಾ, ಸುಡಾನ್, ಯೆಮನ್‌ಗಳಲ್ಲಿ ಆಹಾರ ಹಂಚುತ್ತ, ಅಲ್ಲಿನ ಹಸಿವಿಗೆ ಯುದ್ಧವೇ ಕಾರಣವೆಂಬುದನ್ನು ಸಾರ್ವಜನಿಕವಾಗಿ ಹೇಳತೊಡಗಿತ್ತು.